ಥೈಲಕೋಲಿಯೊ ಹಿಡಿಯೋಕೆ ಬಿಲ್ಲೋ, ಕ್ರಾಸ್‌ಬೋನೋ, ರೈಫಲ್ಲೋ?

ಆರ್ಕ್ ಅನ್ನೋ ವಿಡಿಯೊ ಗೇಮಿನ ರೆಡ್‌ವುಡ್ ಕಾಡಲ್ಲಿ ಬರೀ ನೆಲ ನೋಡ್ಕೊಂಡು ನಡೆದರೆ ಕಥೆ ಮುಗೀತು. ಥೈಲಕೋಲಿಯೊ ಅನ್ನೋ ಸಿಂಹದಂಥ ಬೇಟೆ ಪ್ರಾಣಿ ಮರದ ಬೊಡ್ಡೆಗೆ ಅಂಟಿಕೊಂಡು ಕಾಯ್ತಿರುತ್ತೆ. ಕೆಳಗೆ ಹಾದವರ ಮೇಲೆ ಹಾರಿ, ಸವಾರಿ ಪ್ರಾಣಿಯ ಬೆನ್ನಿಂದಲೇ ಕಿತ್ತು ಕೆಡವುತ್ತೆ. ಪಳಗಿದ ಮೇಲೆ ಅದೇ ಉಗುರಲ್ಲಿ ನಮ್ಮನ್ನ ಹೊತ್ತು ಕಡಿದಾದ ಬಂಡೆ ಏರುತ್ತೆ, ಚಿತ್ರದುರ್ಗದ ಕೋಟೆ ಗೋಡೆ ಏರುವ ಜ್ಯೋತಿರಾಜ್ ಥರ. ಆ ಆಸೆಗೇ ಇಷ್ಟೆಲ್ಲ ಪಾಡು.

ಪಳಗಿಸೋದು ಅಂದರೆ ಮೊದಲು ಹೊಡೆದು ಮಂಪರಲ್ಲಿ ಮಲಗಿಸೋದು, ಆಮೇಲೆ ತಿನ್ನಿಸೋದು. ಮೊದಲು ಆಯುಧ. ಸಾಧಾರಣ ದರ್ಜೆಯದಾದರೆ ಬಿಲ್ಲಿನ ಒಂದು ಟ್ರ್ಯಾಂಕ್ (ಮಂಪರು ಬರಿಸೋ) ಬಾಣಕ್ಕೆ ಟಾರ್ಪರ್, ಅಂದರೆ ಮಂಪರಿನ ಅಳತೆ, 90 ಏರುತ್ತೆ, ಅದೇ ಬಾಣ ಕ್ರಾಸ್‌ಬೋದಿಂದ ಹೋದರೆ 157.5, ಲಾಂಗ್‌ನೆಕ್ ರೈಫಲ್ಲಿನ ಟ್ರ್ಯಾಂಕ್ ಡಾರ್ಟ್‌ಗೆ 221. ಅಂಕಿ ನೋಡಿದರೆ ರೈಫಲ್ಲೇ ಸೈ. ಆದರೆ ಡಾರ್ಟಿನ ಮಂಪರು ಒಮ್ಮೆಗೇ ಏರಲ್ಲ, ಕೆಲವು ಸೆಕೆಂಡು ಹಿಡಿದು ನಿಧಾನಕ್ಕೆ ಏರುತ್ತೆ. ಅಷ್ಟು ತಾಳ್ಮೆ ಇಲ್ಲದೆ ಒಂದರ ಹಿಂದೊಂದು ಹೊಡೆದರೆ, ಮಲಗೋ ಮೊದಲೇ ಪ್ರಾಣಿ ಸಾಯುತ್ತೆ. ತಲೆಗೆ ಗುರಿಯಿಟ್ಟರಂತೂ ಇನ್ನೂ ಬೇಗ. ಬಯಲಲ್ಲಿ ದೂರದಿಂದ ಹೊಡೆಯೋದಾದರೆ ರೈಫಲ್ಲು ಸರಿ. ಎರಡು ಹೆಜ್ಜೆಗೊಂದು ದಪ್ಪ ಮರ ಅಡ್ಡ ಬರೋ ರೆಡ್‌ವುಡ್‌ನಲ್ಲಿ ಆ ದೂರವೇ ಸಿಗಲ್ಲ. ಬಿಲ್ಲಂತೂ ಹಿಡಿಯೋದೇ ಬೇಡ, ಅಷ್ಟು ಹೊತ್ತು ಅದರ ಎದುರು ನಿಲ್ಲೋಕಾಗಲ್ಲ. ನಮ್ಮ ಓಟು ಕ್ರಾಸ್‌ಬೋಗೆ, ಜೊತೆಗೊಂದು ಬೋನಿದ್ದರೆ ಮಾತ್ರ.

ಬೋನಿನ ಲೆಕ್ಕ ಹೀಗೆ: ಕಾಡಿನ ಅಂಚಲ್ಲಿ ಮಟ್ಟಸ ಜಾಗ ನೋಡಿ 3×3 ಕಲ್ಲಿನ ಫೌಂಡೇಶನ್, ಅಂದರೆ 9. ಸುತ್ತಲೂ ಕಲ್ಲಿನ ಡೋರ್‌ಫ್ರೇಮ್ (ಬಾಗಿಲಿಲ್ಲದ ಚೌಕಟ್ಟು), ಒಂದು ಸುತ್ತಿಗೆ 12ರಂತೆ ಮೂರು ಸುತ್ತು, ಒಟ್ಟು 36. ಹತ್ತಿ ಒಳಗೆ ಧುಮುಕೋಕೆ ಹೊರಗಿಂದ 3 ರ‍್ಯಾಂಪ್. ಮರದ ಡೋರ್‌ಫ್ರೇಮಲ್ಲಿ ಉಳಿಸೋಕೆ ಹೋಗಬೇಡಿ, ಕಚ್ಚಿ ಪುಡಿ ಮಾಡುತ್ತೆ. ಎತ್ತರದಲ್ಲೂ ಜಿಪುಣತನ ಬೇಡ, ಇದು ಜಿಗಿಯೋ ಪ್ರಾಣಿ.

ಆರ್ಜೆಂಟಾವಿಸ್ ಅನ್ನೋ ದೊಡ್ಡ ಸವಾರಿ ಹಕ್ಕಿ ಮೇಲೆ ತಗ್ಗಿನಲ್ಲಿ ಹಾರಿ ಥೈಲಕೋಲಿಯೊನ ಮರದಿಂದ ಇಳಿಸಿ, ಬೆನ್ನು ಹತ್ತಿಸಿಕೊಂಡು ಬನ್ನಿ. ಹಕ್ಕಿಯನ್ನ ಪಕ್ಕಕ್ಕೆ ದೂರ ನಿಲ್ಲಿಸಿ, ರ‍್ಯಾಂಪ್ ಹತ್ತಿ ಒಳಗೆ ಧುಮುಕಿ, ಎದುರಿನ ಡೋರ್‌ಫ್ರೇಮಲ್ಲಿ ಆಚೆ ಬನ್ನಿ. ಮನುಷ್ಯ ತೂರುವ ಆ ಸಂದಿಯಲ್ಲಿ ಅದರ ಮೈ ಹಿಡಿಸಲ್ಲ, ಆದರೆ ಬಾಣ ತೂರುತ್ತೆ. ಫ್ರೇಮಿಗೆ ಅಂಟಿಕೊಂಡು ನಿಲ್ಲಬೇಡಿ, ಸಂದಿಯಿಂದಲೇ ಪರಚುತ್ತೆ.

ಇನ್ನು ಮೇವು. ಇದರ ಮೆಚ್ಚಿನ ತಿನಿಸು ಎಕ್ಸ್‌ಟ್ರಾಆರ್ಡಿನರಿ ಕಿಬಲ್, ಆಟದಲ್ಲಿ ನಾವೇ ಬೇಯಿಸಿ ಮಾಡೋ ಪಳಗಿಸೋ ತಿನಿಸು. ಅದಕ್ಕೆ ವಿಶೇಷ ಮೊಟ್ಟೆ, ಜೇನು, ಲಾಜರಸ್ ಚೌಡರ್ ಅನ್ನೋ ಸೂಪು ಎಲ್ಲ ಬೇಕು. ಬದಲಿಗೆ ಹಸಿ ಮಟನ್ ಸಾಕು, ಓವಿಸ್ ಕುರಿ ಹೊಡೆದರೆ ಸಿಗುತ್ತೆ. ಚಳ್ಳಕೆರೆ ಕಡೆಯವರಿಗೆ ಕುರಿ ಲೆಕ್ಕ ಹೇಳಿಕೊಡಬೇಕಾ! ಮಟನ್‌ನಲ್ಲಿ ತುತ್ತಿಗೆ ತುತ್ತಿಗೆ ಟೇಮಿಂಗ್ ಎಫೆಕ್ಟಿವ್‌ನೆಸ್ (ಎಷ್ಟು ಚೆನ್ನಾಗಿ ಪಳಗಿತು ಅನ್ನೋ ಅಳತೆ) ಇಳಿಯುತ್ತೆ, ಅಷ್ಟೇ ಬೋನಸ್ ಲೆವೆಲ್ ಖೋತಾ. ಎಫೆಕ್ಟಿವ್‌ನೆಸ್ ಪೂರ್ತಿ ಉಳಿದರೆ ಪಳಗೋ ಮೊದಲು ಅದಕ್ಕಿದ್ದ ಲೆವೆಲ್‌ನ ಅರ್ಧದಷ್ಟು ಬೋನಸ್ಸು. 150ನೇ ಲೆವೆಲ್‌ದು ಸಿಕ್ಕರೆ ಕಿಬಲ್‌ಗೆ ಪಟ್ಟ ಪಾಡು ದಂಡ ಅಲ್ಲ. 40, 50ರದ್ದಕ್ಕೆ ಯಾಕೆ ಬೇಕು? ಮಲಗಿದ ಮೇಲೆ ಬಿದ್ದ ಒಂದು ಏಟೂ ಎಫೆಕ್ಟಿವ್‌ನೆಸ್ ಇಳಿಸುತ್ತೆ, ಹಾಗಾಗಿ ಪಳಗಿದ ಪ್ರಾಣಿಗಳನ್ನ ಪ್ಯಾಸಿವ್‌ಗೆ (ತಾವಾಗಿ ದಾಳಿ ಮಾಡದ ಸ್ಥಿತಿಗೆ) ಹಾಕಿ.

ಎಚ್ಚರ ಆಗದಂಗೆ ನಾರ್ಕಾಟಿಕ್ ಅನ್ನೋ ಮಂಪರು ಮದ್ದು ಕೊಡ್ತಾ ಇರಿ, ಒಂದಕ್ಕೆ ಟಾರ್ಪರ್ 40 ಏರುತ್ತೆ. ನಾರ್ಕೋಬೆರ‍್ರಿ ಹಾಗೇ ತಿನ್ನಿಸಿದರೆ 7.5 ಮಾತ್ರ. ಐದು ಬೆರ‍್ರಿಗೆ ಒಂದು ಕೊಳೆತ ಮಾಂಸ ಸೇರಿಸಿ ಅರೆದರೆ ಒಂದು ನಾರ್ಕಾಟಿಕ್, ಅರೆದೇ ಇಟ್ಕೊಳ್ಳಿ.

ದಾವಣಗೆರೆ ಬೇಸಿಗೆಯಲ್ಲಿ ಸರ್ವರ್ ಮೇಲೆ ಆಡೋರಿಗೆ ಇನ್ನೊಂದು ಮಾತು. ಕರೆಂಟು ಹೋದರೆ ಆಟ ನಿಲ್ಲಲ್ಲ, ನಿಮ್ಮ ಪಾತ್ರ ಬೋನಿನ ಪಕ್ಕದಲ್ಲೇ ನಿದ್ದೆಗೆ ಜಾರುತ್ತೆ, ಇತ್ತ ಟಾರ್ಪರ್ ಇಳೀತಾ ಇರುತ್ತೆ. ಕಂಪ್ಯೂಟರಿನ ಜೊತೆ ರೂಟರನ್ನೂ ಯುಪಿಎಸ್‌ಗೆ ಹಾಕಿ.