ಓದುತ್ತಿರುವ ಪುಸ್ತಕದ ಸುದ್ದಿ ಹಂಚಿಕೊಳ್ಳಲು ಗುಡ್‌ರೀಡ್ಸ್ ಒಂದೇ ಸಾಕೇ?

ಓದಿನ ಪಟ್ಟಿ ಇಟ್ಟುಕೊಂಡು ಅದನ್ನು ಸ್ನೇಹಿತರೊಂದಿಗೆ ಹಂಚಿಕೊಳ್ಳುವ ಜಾಲತಾಣವಾದ ಗುಡ್‌ರೀಡ್ಸ್‌ನಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ‘ಈಗ ಓದುತ್ತಿರುವುದು’ ಎಂಬ ಒಂದೇ ಒಂದು ಶೆಲ್ಫಿಗೆ. ಓಟಿಸ್ ಚಾಂಡ್ಲರ್ ಮತ್ತು ಎಲಿಜಬೆತ್ ಖೂರಿ ಚಾಂಡ್ಲರ್ 2007ರ ಜನವರಿಯಲ್ಲಿ ಓದುಗರ ಮುಂದಿಟ್ಟ, 2013ರಲ್ಲಿ ಅಮೆಜಾನ್ ಕೊಂಡುಕೊಂಡ ಈ ಸೇವೆಯಲ್ಲಿ ಖಾತೆ ತೆರೆದ ಕೂಡಲೇ ಮೂರು ಶೆಲ್ಫ್‌ಗಳು ಸಿಗುತ್ತವೆ: ಓದಿ ಮುಗಿಸಿದ್ದು, ಓದುತ್ತಿರುವುದು, ಓದಬೇಕೆಂದಿರುವುದು. ಮೊದಲನೆಯದು ದಾಖಲೆ, ಮೂರನೆಯದು ಆಸೆ. ಯಾರು ಯಾವ ಪುಸ್ತಕದ ಒಳಗೆ ಈ ಹೊತ್ತು ಇದ್ದಾರೆ ಎಂಬುದು ತಿಳಿಯುವುದು ನಡುವಿನ ಶೆಲ್ಫಿನಿಂದ ಮಾತ್ರ. ಹಾಗಾಗಿ ಇಂಥ ಯಾವುದೇ ಸೇವೆಯನ್ನು ಅಳೆಯುವಾಗ ಅದು ಓದಿನ ನಡುವಿನ ಮಾತಿಗೆ ಎಷ್ಟು ಜಾಗ ಕೊಡುತ್ತದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಈ ಶೆಲ್ಫಿನ ಬಳಕೆ ಸರಳವಾಗಿದೆ. ಪುಸ್ತಕವನ್ನು ಅಲ್ಲಿಗೆ ಸೇರಿಸಿದ ಮೇಲೆ ಎಷ್ಟನೆಯ ಪುಟದಲ್ಲಿದ್ದೇವೆ ಅಥವಾ ಶೇಕಡಾ ಎಷ್ಟು ಓದಾಗಿದೆ ಎಂದು ಆಗಾಗ ಗುರುತು ಹಾಕಬಹುದು. ಅದರ ಜೊತೆಗೆ ಒಂದೆರಡು ಸಾಲು ಟಿಪ್ಪಣಿ ಬರೆದರೆ ಸ್ನೇಹಿತರಿಗೆ ಕಾಣುತ್ತದೆ, ಅವರು ಅದಕ್ಕೆ ಉತ್ತರಿಸಬಹುದು. ಈ ಪುಟ್ಟ ಟಿಪ್ಪಣಿಗಳೇ ಇಡೀ ಸೇವೆಯ ಜೀವಾಳವೆಂದು ನನ್ನ ಅಭಿಪ್ರಾಯ. ಪುಸ್ತಕ ಮುಗಿದ ಮೇಲೆ ಬರೆಯುವ ವಿಮರ್ಶೆಯಲ್ಲಿ ಎಲ್ಲವೂ ಒಂದು ತೀರ್ಮಾನದ ಕಡೆಗೆ ಹರಿದುಬಿಡುತ್ತದೆ. ಓದುವಾಗ ಉಂಟಾದ ಅನುಮಾನ, ಬೇಸರ, ಯಾವುದೋ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಹುಟ್ಟಿದ ಹುರುಪು ಇವೆಲ್ಲ ಅಳಿಸಿಹೋಗುತ್ತವೆ. ಎಪ್ಪತ್ತನೆಯ ಪುಟದಲ್ಲಿ ‘ಹೆಸರುಗಳೇ ನೆನಪಿನಲ್ಲಿ ಉಳಿಯುತ್ತಿಲ್ಲ’ ಎಂದು ಬರೆದವರು ಇನ್ನೂರನೆಯ ಪುಟದಲ್ಲಿ ‘ಈಗ ಕೆಳಗಿಡಲು ಆಗುತ್ತಿಲ್ಲ’ ಎಂದರೆ, ಆ ಎರಡು ಸಾಲು ನನಗೆ ಆ ಪುಸ್ತಕದ ಬಗ್ಗೆ ಐದು ಪ್ಯಾರಾಗಳ ಹೊಗಳಿಕೆಗಿಂತ ಹೆಚ್ಚಿನದನ್ನು ತಿಳಿಸುತ್ತವೆ. ಆರಂಭದಲ್ಲಿ ತಾಳ್ಮೆ ಬೇಕು, ಆಮೇಲೆ ಫಲವಿದೆ ಎಂಬ ಭರವಸೆ ಅದರಲ್ಲಿರುತ್ತದೆ.

ದುರದೃಷ್ಟವೆಂದರೆ ಸೇವೆಯ ಉಳಿದ ರಚನೆ ನಮ್ಮ ಗಮನವನ್ನು ಮತ್ತೆ ಮತ್ತೆ ಮುಕ್ತಾಯದ ಕಡೆಗೇ ಎಳೆಯುತ್ತದೆ. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿ ಇಟ್ಟುಕೊಳ್ಳುವ ವಾರ್ಷಿಕ ಸವಾಲು ಕೆಲವರಿಗೆ ಓದಿನ ಅಭ್ಯಾಸ ಹಿಡಿಸಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಎಂಟುನೂರು ಪುಟಗಳ ಕಾದಂಬರಿಯೂ ಎಂಬತ್ತು ಪುಟಗಳ ನೀಳ್ಗತೆಯೂ ಅಲ್ಲಿ ಒಂದೊಂದೇ ಪುಸ್ತಕವಾಗಿ ಲೆಕ್ಕಕ್ಕೆ ಬರುವುದರಿಂದ, ದೊಡ್ಡ ಪುಸ್ತಕವನ್ನು ನಿಧಾನವಾಗಿ ಸವಿಯುವವರು ಹಿಂದೆ ಬಿದ್ದವರಂತೆ ಕಾಣುತ್ತಾರೆ. ಓದುಗರು ಪುಸ್ತಕಕ್ಕೆ ಅಂಕವಾಗಿ ಕೊಡುವ ನಕ್ಷತ್ರಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗುಡ್‌ರೀಡ್ಸ್‌ನ ವಿವರಣೆಯ ಪ್ರಕಾರ ಎರಡು ನಕ್ಷತ್ರವೆಂದರೆ ‘ಪರವಾಗಿಲ್ಲ’, ಮೂರು ಎಂದರೆ ‘ಇಷ್ಟವಾಯಿತು’. ಬಹಳಷ್ಟು ಜನ ಎರಡನ್ನು ತಿರಸ್ಕಾರವೆಂದೇ ಓದಿಕೊಳ್ಳುತ್ತಾರೆ. ಅರ್ಧ ನಕ್ಷತ್ರ ಕೊಡುವ ಅವಕಾಶವೂ ಇಲ್ಲ. ಪುಸ್ತಕ ಪ್ರಕಟವಾಗುವ ಮೊದಲೇ ಅಂಕ ಕೊಡಲು ಸಾಧ್ಯವಿರುವುದರಿಂದ, ಯಾರೂ ಓದದ ಕೃತಿಯ ಮೇಲೆ ಗುಂಪಾಗಿ ಒಂದೊಂದೇ ನಕ್ಷತ್ರ ಸುರಿಯುವ ಘಟನೆಗಳೂ ನಡೆದಿವೆ. ಅಂಥ ಸಂದರ್ಭದಲ್ಲಿ ಅಂಕ ಕೊಡುವುದನ್ನು ತಾತ್ಕಾಲಿಕವಾಗಿ ತಡೆಯುವ ವ್ಯವಸ್ಥೆಯನ್ನು ಸಂಸ್ಥೆ ತಂದಿದೆ. ಈ ಕಾರಣಗಳಿಂದ ಸರಾಸರಿ ಅಂಕವನ್ನು ನೋಡಿ ಪುಸ್ತಕ ಆರಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ.

ನಾದಿಯಾ ಒಡುನಾಯೊ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಕಟ್ಟಿದ ಸ್ಟೋರಿಗ್ರಾಫ್ ಎಂಬ ಇಂಥದ್ದೇ ಇನ್ನೊಂದು ಸೇವೆ ಈ ಕೊರತೆಗಳಲ್ಲಿ ಹಲವನ್ನು ಯೋಚಿಸಿ ತುಂಬಿಕೊಟ್ಟಿದೆ. ಕಾಲು ನಕ್ಷತ್ರದವರೆಗೂ ಅಂಕವನ್ನು ಸೂಕ್ಷ್ಮಗೊಳಿಸಬಹುದು. ಅದಕ್ಕಿಂತ ಮುಖ್ಯವಾಗಿ, ಪುಸ್ತಕದ ಭಾವ ಯಾವುದು, ಗತಿ ನಿಧಾನವೋ ವೇಗವೋ, ಕಥೆಯನ್ನು ನಡೆಸುವುದು ಘಟನೆಗಳೋ ಪಾತ್ರಗಳೋ ಎಂದು ಅದು ಓದುಗರನ್ನು ಕೇಳುತ್ತದೆ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಅಲ್ಲಿ ಗೌರವದ ಸ್ಥಾನವಿದೆ. ಎಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಬರೆದಿಡಬಹುದು.

ಆದರೆ ನನ್ನ ಮನಸ್ಸನ್ನು ಗೆದ್ದಿರುವುದು ಅಲ್ಲಿನ ಜೊತೆ ಓದಿನ ಸೌಲಭ್ಯ. ಕೆಲವರು ಸೇರಿ ಒಂದೇ ಪುಸ್ತಕವನ್ನು ಓದುವಾಗ ಒಬ್ಬರು ಮುಂದೆ, ಒಬ್ಬರು ಹಿಂದೆ ಇರುವುದು ಸಹಜ. ಮುಂದಿರುವವರು ಬಾಯಿಬಿಟ್ಟರೆ ಹಿಂದಿರುವವರಿಗೆ ಕಥೆಯ ಗುಟ್ಟು ತಿಳಿದುಹೋಗುತ್ತದೆ, ಆ ಭಯದಿಂದ ಎಲ್ಲರೂ ಕೊನೆಯವರೆಗೆ ಸುಮ್ಮನಿರುತ್ತಾರೆ. ಸ್ಟೋರಿಗ್ರಾಫ್‌ನಲ್ಲಿ ಶೇಕಡಾ ನಲವತ್ತರ ಹಂತದಲ್ಲಿ ಬರೆದ ಮಾತು, ಓದುಗರು ಶೇಕಡಾ ನಲವತ್ತನ್ನು ತಲುಪುವವರೆಗೆ ಮುಚ್ಚಿಯೇ ಇರುತ್ತದೆ. ಅಲ್ಲಿಗೆ ತಲುಪಿದಾಗ ಅದೇ ಜಾಗದಲ್ಲಿ ಮತ್ತೊಬ್ಬರು ಬೆರಗಾದದ್ದನ್ನು ಓದುವ ಸಂತೋಷವಿದೆಯಲ್ಲ, ಅದು ಮುಗಿದ ಮೇಲಿನ ಚರ್ಚೆಯಲ್ಲಿ ಸಿಗುವಂಥದ್ದಲ್ಲ. ಓದನ್ನು ಹಂಚಿಕೊಳ್ಳುವುದರ ಬಗ್ಗೆ ನಿಜವಾಗಿ ಯೋಚಿಸಿದವರು ಮಾತ್ರ ಇಂಥದ್ದನ್ನು ರೂಪಿಸಬಲ್ಲರು.

ಪುಸ್ತಕಗಳನ್ನು ಸೇರಿಸುವ ಕೆಲಸ ಎರಡರಲ್ಲೂ ಬಹುಮಟ್ಟಿಗೆ ಒಂದೇ. ಹಿಂಬದಿಯ ಬಾರ್‌ಕೋಡ್‌ಗೆ ಫೋನ್ ಹಿಡಿದರೆ ಐಎಸ್‌ಬಿಎನ್ ಎಂಬ, ಪುಸ್ತಕವನ್ನು ಗುರುತಿಸುವ ಸಂಖ್ಯೆಯ ಮೂಲಕ ಪುಸ್ತಕ ಸಿಗುತ್ತದೆ. ಆದರೆ ಆ ಸಂಖ್ಯೆ ಅಂತರರಾಷ್ಟ್ರೀಯ ಮಾನದಂಡವಾದದ್ದೇ 1970ರಲ್ಲಿ. ಅದಕ್ಕಿಂತ ಹಳೆಯ ಮುದ್ರಣಗಳನ್ನು ಹೆಸರು ಹಾಕಿ ಹುಡುಕಬೇಕು, ಸಿಕ್ಕಾಗಲೂ ಆವೃತ್ತಿ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಗುಡ್‌ರೀಡ್ಸ್‌ನಲ್ಲಿ ಇಂಥ ವಿವರಗಳನ್ನು ತಿದ್ದುವವರು ಬಹುಪಾಲು ಸ್ವಯಂಸೇವಕರು, ಅವರ ಶ್ರಮಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಮನೆಯಲ್ಲಿರುವ ಪುಸ್ತಕಗಳ ಪಟ್ಟಿ ಮಾಡುವುದೇ ಉದ್ದೇಶವಾಗಿದ್ದರೆ, 2005ರಲ್ಲಿ ಟಿಮ್ ಸ್ಪಾಲ್ಡಿಂಗ್ ಆರಂಭಿಸಿದ ಲೈಬ್ರರಿಥಿಂಗ್ ಇವೆರಡಕ್ಕಿಂತ ಸೂಕ್ತ, ಏಕೆಂದರೆ ಅದು ಗ್ರಂಥಾಲಯಗಳ ಕ್ಯಾಟಲಾಗಿನಿಂದಲೇ ವಿವರ ತಂದುಕೊಡುತ್ತದೆ.

ನಿಮ್ಮ ಸ್ನೇಹಿತರು ಈಗಾಗಲೇ ಗುಡ್‌ರೀಡ್ಸ್‌ನಲ್ಲಿದ್ದರೆ ಅಲ್ಲೇ ಇರಿ, ಏಕೆಂದರೆ ಪರಿಚಿತರಿಲ್ಲದ ಕಡೆ ಓದಿನ ಸುದ್ದಿಗೆ ಅರ್ಥ ಕಡಿಮೆ; ಅಂಕಗಳನ್ನು ಬದಿಗಿಟ್ಟು ಪುಟದ ಟಿಪ್ಪಣಿಗಳನ್ನು ಹೆಚ್ಚು ಬರೆಯಿರಿ. ಮೂರ್ನಾಲ್ಕು ಜನರ ಆಪ್ತ ಗುಂಪು ಒಂದೇ ಪುಸ್ತಕ ಓದಲು ಹೊರಟಿದ್ದರೆ ಸ್ಟೋರಿಗ್ರಾಫನ್ನು ಆರಿಸಿಕೊಳ್ಳಿ. ಹಳೆಯ ದಾಖಲೆ ಕಳೆದುಹೋದೀತೆಂಬ ಆತಂಕ ಬೇಡ, ಗುಡ್‌ರೀಡ್ಸ್‌ನಿಂದ ನಿಮ್ಮ ಪಟ್ಟಿಯನ್ನು ಒಂದು ಸಿಎಸ್‌ವಿ ಕಡತವಾಗಿ (ಸಾಲು-ಕಾಲಮ್ಮುಗಳ ಸರಳ ಪಠ್ಯ ಕಡತ) ಇಳಿಸಿಕೊಂಡು ಸ್ಟೋರಿಗ್ರಾಫ್‌ಗೆ ಏರಿಸಬಹುದು.