ಮೂರು ವರ್ಷದ ಇ-ರೀಡರ್, ಒಡೆದುಹೋದ ಒತ್ತಕ್ಷರ ಮತ್ತು ಅಮ್ಮನ ಡಿಸೆಂಬರ್

ಈ ಇ-ರೀಡರ್ ನಮ್ಮ ಮನೆಗೆ ಬಂದು ಮೂರು ವರ್ಷ ಆಯಿತು. 2022ರ ಡಿಸೆಂಬರ್‌ನಲ್ಲಿ ₹14,000 ಕೊಟ್ಟು ತೆಗೆದುಕೊಂಡೆ. ನನ್ನ ಸಂಬಳಕ್ಕೆ ಅದು ಜಾಸ್ತಿಯೇ. ಆ ವರ್ಷ ಹೊಸ ಮಿಕ್ಸಿ ಬೇಡ ಅಂತ ಬಿಟ್ಟೆ. ಪರದೆ ಎಷ್ಟು ಇಂಚು, ಮೆಮೊರಿ ಎಷ್ಟು ಎನ್ನುವುದೆಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಮತ್ತೆ ಬರೆಯುವುದಿಲ್ಲ. ಕನ್ನಡ ಓದಲಿಕ್ಕೆ ಇದು ಆಗುತ್ತದಾ? ನನಗೆ ಬೇಕಿದ್ದದ್ದು ಅಷ್ಟೇ. ಅದರಲ್ಲೂ ಅಮ್ಮನಿಗೆ ಆಗುತ್ತದಾ?

ಅಮ್ಮನಿಗೆ ಈಗ 76. ನಾಲ್ಕು ವರ್ಷದಿಂದ ಕಣ್ಣಿನ ನಡುಭಾಗ ಮಂಜು. ಅಪ್ಪ ಕೊಟ್ಟ ಸತ್ಯವೇದದ (ಬೈಬಲ್‌ನ) ಅಕ್ಷರ ಈಗ ಕಾಣಿಸುವುದಿಲ್ಲ. ಭೂತಗನ್ನಡಿ ಹಿಡಿದರೆ ಕೈ ನಡುಗುತ್ತದೆ. ರೀಡರ್‌ನಲ್ಲಿ ಅಕ್ಷರ ದೊಡ್ಡದು ಮಾಡಿದೆ, ಒಂದು ಪುಟಕ್ಕೆ ಏಳೇ ಸಾಲು ಬರುವಷ್ಟು. ಮೊದಲ ದಿನ ಅಮ್ಮ ಒಂದು ಸಾಲು ಓದಿ ಪರದೆಯ ಮೇಲೆ ಬೆರಳು ಆಡಿಸಿ ನೋಡಿದರು, ಶಾಯಿ ಅಂಟುತ್ತದಾ ಅಂತ. ಫೋನಿನ ಹಾಗೆ ಕಣ್ಣಿಗೆ ಬೆಳಕು ಹೊಡೆಯುವುದಿಲ್ಲ. ಒಮ್ಮೆ ಅಕ್ಷರ ಮೂಡಿದ ಮೇಲೆ ಅದನ್ನು ನಿಲ್ಲಿಸಿಕೊಳ್ಳಲು ಕರೆಂಟ್ ಕೂಡ ಬೇಡ. ಅಮ್ಮ ಓದುತ್ತಾ ತೂಕಡಿಸಿದರೂ ಪುಟ ಅವರಿಗಾಗಿ ಹಾಗೇ ಕಾದಿರುತ್ತದೆ.

ನಮ್ಮ ಮನೆಯಲ್ಲಿ ಡಿಸೆಂಬರ್‌ಗೆ ಒಂದು ಕ್ರಮ ಉಂಟು. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ. ಒಂದನೇ ತಾರೀಕಿನಿಂದ ದಿನಕ್ಕೆ ಒಂದರಂತೆ ಓದಿದರೆ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಸರಿಯಾಗಿ ಮುಗಿಯುತ್ತದೆ. ಬೆಳಿಗ್ಗೆ ಐದೂವರೆಗೆ ಅಮ್ಮ ಎದ್ದು, ಕಪ್ಪು ಕಾಫಿ ಮಾಡಿ, ಜಗಲಿಯ ಕುರ್ಚಿಯಲ್ಲಿ ಕೂರುತ್ತಾರೆ. ಮಂಗಳೂರಿನಲ್ಲಿ ಚಳಿ ಅನ್ನುವಂಥದ್ದು ಸಿಗುವುದು ಆ ಒಂದು ಗಂಟೆ ಮಾತ್ರ. ಏಳು ಗಂಟೆಗೆ ಮತ್ತೆ ಸೆಖೆ. ರೀಡರ್ ಮಡಿಲಲ್ಲಿ, ಶಾಲು ಹೆಗಲ ಮೇಲೆ. ಪುಟ ತಿರುಗಿಸುವಾಗ ಹೆಬ್ಬೆರಳು ಮೆಲ್ಲಗೆ ಒತ್ತುತ್ತಾರೆ, ತೆಳು ಕಾಗದ ಹರಿದೀತು ಅನ್ನುವ ಹಾಗೆ. ಮೂರು ವರ್ಷ ಆದರೂ ಆ ಅಭ್ಯಾಸ ಹೋಗಿಲ್ಲ.

ನನ್ನ ಓದು ರಾತ್ರಿ. ಈ ವರ್ಷ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಸ್ಕ್ಯಾನ್ ಹಾಕಿಕೊಂಡಿದ್ದೇನೆ. 1894ರಲ್ಲಿ ನಮ್ಮ ಇದೇ ಊರಿನ ಬಾಸೆಲ್ ಮಿಶನ್‌ನಿಂದ ಬಂದದ್ದು, ಸುಮಾರು 70,000 ಪದ. ದಿನಕ್ಕೆ ಒಂದೇ ಪದ ಓದುತ್ತೇನೆ, ಅದರ ಜೊತೆಗೆ ಕೊಟ್ಟ ತುಳು, ತಮಿಳು, ಮಲಯಾಳದ ನೆಂಟ ಪದಗಳನ್ನೂ ಗಾದೆಗಳನ್ನೂ ಸೇರಿಸಿ. ಕಿಟೆಲ್ ತೀರಿಕೊಂಡದ್ದು 1903ರ ಡಿಸೆಂಬರ್‌ನಲ್ಲಿ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಹಾಗಾಗಿ ಈ ತಿಂಗಳು ಆ ಪುಸ್ತಕ ಬಿಡಿಸುವುದು ನನಗೆ ಸುಮ್ನೆ ಕಾಲ ಕಳೆಯುವ ಕೆಲಸ ಅಲ್ಲ. ಆದರೆ ಇಂಥ ದೊಡ್ಡ ಸ್ಕ್ಯಾನ್‌ಗೆ ಈ ಪರದೆ ಸಾಲದು. ಅಡ್ಡ ತಿರುಗಿಸಿ, ಪುಟದ ಒಂದು ಮೂಲೆಯನ್ನಷ್ಟೇ ಹಿಗ್ಗಿಸಿ ಓದಬೇಕು. ಒಂದು ಪುಟ ಮೂಡಲು ನಾಲ್ಕೈದು ಸೆಕೆಂಡ್ ಹಿಡಿಯುತ್ತದೆ. ಹೆಚ್ಚಾಗಿ ಸ್ಕ್ಯಾನ್ ಪುಸ್ತಕ ಓದುವವರು ದೊಡ್ಡ ಪರದೆಯದ್ದೇ ತೆಗೆದುಕೊಳ್ಳಿ.

ಇಷ್ಟು ಮಾತ್ರ ಆಗಿದ್ದರೆ ನಾನು ಈ ವಿಮರ್ಶೆ ಬರೆಯುತ್ತಿರಲಿಲ್ಲ.

ಈ ತಿಂಗಳು ಮೂರನೇ ತಾರೀಕು ರಾತ್ರಿ ರೀಡರ್ ತಾನಾಗಿಯೇ ಅಪ್‌ಡೇಟ್ ಆಯಿತು. ಬೆಳಿಗ್ಗೆ ಅಮ್ಮ ನನ್ನನ್ನು ಎಬ್ಬಿಸಿದರು. "ನನ್ನ ಕಣ್ಣು ಪೂರ್ತಿ ಹೋಯಿತಾ ನೋಡು" ಅಂದರು. ಹೋಗಿ ನೋಡಿದೆ. ಕಣ್ಣಿಗೆ ಏನೂ ಆಗಿರಲಿಲ್ಲ. ಕನ್ನಡ ಒಡೆದುಹೋಗಿತ್ತು. 'ಕ್ರಿಸ್ತ' ಇದ್ದಲ್ಲಿ 'ಕ್‌ರಿಸ್‌ತ'. 'ಸ್ತ್ರೀ' ಮೂರು ತುಂಡಾಗಿ 'ಸ್‌ತ್‌ರೀ'. ಒತ್ತಕ್ಷರಗಳೆಲ್ಲ ಕೆಳಗಿನಿಂದ ಎದ್ದು ಸಾಲಿಗೆ ಬಂದು ನಿಂತಿದ್ದವು. ಅರ್ಕಾವೊತ್ತು ಒಂದೂ ಇರಲಿಲ್ಲ. ಅಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದಿ ಮೂರನೇ ಸಾಲಿಗೆ ನಿಲ್ಲಿಸಿದರು. ಅರವತ್ತು ವರ್ಷ ಡಿಸೆಂಬರ್‌ನಲ್ಲಿ ಒಂದು ದಿನವೂ ತಪ್ಪಿಸದವರು ಅಂದು ನಾಲ್ಕನೇ ಅಧ್ಯಾಯ ಓದಲಿಲ್ಲ.

ಕಂಪನಿಗೆ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: ಕನ್ನಡ ಅವರ ಭಾಷೆಗಳ ಪಟ್ಟಿಯಲ್ಲಿ ಇಲ್ಲವಂತೆ, ಹಾಗಾಗಿ ಇದು ದೋಷ ಅಂತ ಲೆಕ್ಕಕ್ಕೆ ಬರುವುದಿಲ್ಲವಂತೆ. ಅದನ್ನು ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. 2011ರ ಜನಗಣತಿಯಲ್ಲೇ ನಾಲ್ಕು ಕೋಟಿಗೂ ಹೆಚ್ಚು ಜನ ಕನ್ನಡ ತಮ್ಮ ತಾಯ್ನುಡಿ ಅಂತ ಬರೆಸಿದ್ದಾರೆ. 1843ರ ಜುಲೈ ಒಂದರಂದು ಜರ್ಮನ್ ಮಿಶನರಿ ಹರ್ಮನ್ ಮೊಗ್ಲಿಂಗ್ ಈ ಊರಿನಲ್ಲಿ 'ಮಂಗಳೂರು ಸಮಾಚಾರ' ತಂದರು. ಕನ್ನಡದ ಮೊದಲ ಪತ್ರಿಕೆ ಅದು, ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಕೂಡ ಒತ್ತು ಅದರದ್ದೇ ಜಾಗದಲ್ಲಿ ಕೂತಿತ್ತು. ಎಲ್ಲಿಂದಲೋ ಬಂದವರು ನಮ್ಮ ಅಕ್ಷರಕ್ಕೆ ಅಷ್ಟು ಮರ್ಯಾದೆ ಕೊಟ್ಟಿದ್ದರು. ನನ್ನಿಂದ ಹದಿನಾಲ್ಕು ಸಾವಿರ ತೆಗೆದುಕೊಂಡವರಿಗೆ ಅಷ್ಟು ಆಗದೇ ಹೋಯಿತಾ? ಆ ದಿನ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಆರನೇ ತಾರೀಕು ಶನಿವಾರ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ, ಮಾಡಲು ಕೂತಿದ್ದೆವು. ನಮ್ಮ ಪಾಲಿಗೆ ಕಲ್ಕಲ್, ಪಕ್ಕದ ಮನೆಯ ಕೊಂಕಣಿಯವರು ಅದಕ್ಕೆ ಕಿಡಿಯೊ ಅನ್ನುತ್ತಾರೆ. ಮೈದಾಕ್ಕೆ ತೆಂಗಿನ ಹಾಲು ಹಾಕಿ ಕಲಸಿ, ನೆಲ್ಲಿಕಾಯಿಗಿಂತ ಸಣ್ಣ ಉಂಡೆ ಮಾಡಿ, ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಸಾವಿರ ಸಲ ಒತ್ತುವ ಕೆಲಸ ಅದು. ಕೈಯೆಲ್ಲ ಹಿಟ್ಟು. ಸುಮ್ಮನೆ ಕೂರುವುದು ಯಾಕೆ ಅಂತ ಅಪ್‌ಡೇಟ್ ಆದ ಅದೇ ಆ್ಯಪ್‌ನಲ್ಲಿ ಗಟ್ಟಿಯಾಗಿ ಓದಿಸುವ ಬಟನ್ ಒತ್ತಿದೆ. ನಾಲ್ಕನೇ ಅಧ್ಯಾಯವನ್ನೇ ಹಾಕಿದೆ. ಪರದೆಯಲ್ಲಿ ಎಲ್ಲ ತುಂಡು ತುಂಡು. ದನಿ ಮಾತ್ರ ಒಂದು ಒತ್ತನ್ನೂ ಬಿಡದೆ ಸರಿಯಾಗಿ ಓದಿತು.

ಅಮ್ಮ ಬಾಚಣಿಗೆ ಕೆಳಗಿಟ್ಟರು. "ಅದಕ್ಕೆ ಹೇಗೆ ಓದಲಿಕ್ಕೆ ಬಂತು?" ಅಂದರು.

ಆಗ ನನಗೆ ಹೊಳೆಯಿತು. ಪುಸ್ತಕ ಒಡೆದಿರಲೇ ಇಲ್ಲ. ಫೈಲಿನ ಒಳಗೆ ಕ, ಹಲಂತದ ಗುರುತು, ರ, ಗುಡಿಸು ಎಲ್ಲ ಸಾಲಾಗಿ ಇದ್ದಲ್ಲೇ ಇವೆ. ದನಿ ಓದುವುದು ಆ ಸಾಲನ್ನು. ಅವನ್ನು ಕೂಡಿಸಿ 'ಕ್ರಿ' ಅಂತ ಆಕಾರ ಕೊಡುವ ಕೆಲಸ ಮಾತ್ರ ಕೆಟ್ಟಿತ್ತು. ಅಂದರೆ ಸರಿ ಮಾಡಬಹುದು, ಅಲ್ವಾ?

ಅಂದು ರಾತ್ರಿಯೇ ಕೋರೀಡರ್ ಹಾಕಿದೆ. ಉಚಿತವಾಗಿ ಸಿಗುವ ಓದುವ ಆ್ಯಪ್ ಅದು. ಅದರ ಫಾಂಟ್ಸ್ ಫೋಲ್ಡರ್‌ಗೆ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದೆ, ಅದೂ ಉಚಿತ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಪುಟ ತೆರೆದಾಗ 'ಕ್ರಿಸ್ತ' ಒಂದಾಗಿತ್ತು. ಕ ಅಡಿಯಲ್ಲಿ ರವೊತ್ತು, ಸ ಅಡಿಯಲ್ಲಿ ತವೊತ್ತು. ದಪ್ಪಕ್ಕೆ, ಕರ್ರಗೆ, ಮೊದಲಿಗಿಂತಲೂ ಚೆನ್ನಾಗಿ. ಹಳೆಯ ಫಾಂಟ್‌ನಲ್ಲಿ ಒತ್ತು ತೀರಾ ಸಣ್ಣದಿತ್ತು, ಅಮ್ಮ ಅಂದಾಜಿನ ಮೇಲೆ ಓದುತ್ತಿದ್ದರು ಅಂತ ನನಗೆ ಗೊತ್ತಾದದ್ದು ಆಗಲೇ. ಕೋರೀಡರ್‌ನಲ್ಲಿ ಗಟ್ಟಿಯಾಗಿ ಓದುವ ವ್ಯವಸ್ಥೆ ಇಲ್ಲ. ಹಾಗಾಗಿ ಈಗ ಕಣ್ಣಿಗೆ ಒಂದು ಆ್ಯಪ್, ಕಿವಿಗೆ ಇನ್ನೊಂದು. ಅದು ರಗಳೆಯೇ. ವೈಫೈ ಆಫ್ ಮಾಡಿ ಇಟ್ಟಿದ್ದೇನೆ. ಇನ್ನು ಅಪ್‌ಡೇಟ್ ಬೇಡ.

ತೆಗೆದುಕೊಳ್ಳಬಹುದಾ ಅಂತ ಕೇಳಿದರೆ, ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ತೆಗೆದುಕೊಳ್ಳಿ. ಬೇರೆ ಆ್ಯಪ್ ಹಾಕಲು ಬಿಡುವ ರೀಡರ್ ಮಾತ್ರ ತೆಗೆದುಕೊಳ್ಳಿ. ಅಂಗಡಿಯಲ್ಲೇ ಒಂದು ಕನ್ನಡ ಪುಸ್ತಕ ತೆರೆಸಿ, 'ಸ್ತ್ರೀ' ಮತ್ತು 'ಅರ್ಥ' ಎರಡು ಪದ ನೋಡಿ. ಅವು ಸರಿ ಬಂದರೆ ಉಳಿದದ್ದೂ ಬರುತ್ತದೆ. ಬ್ಯಾಟರಿ ಮೂರು ವರ್ಷದ ನಂತರವೂ ಹತ್ತು ದಿನ ಬರುತ್ತದೆ, ಅದರ ಬಗ್ಗೆ ದೂರಿಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಅಮ್ಮನ ಲೆಕ್ಕ ಬೇರೆ.

ತಪ್ಪಿಹೋದ ಅಧ್ಯಾಯಗಳನ್ನು ಅಮ್ಮ ಒಂದೇ ಭಾನುವಾರ ಕೂತು ಮುಗಿಸಿದರು. ಇವತ್ತು ಇಪ್ಪತ್ತನೇ ಅಧ್ಯಾಯ.

ಮೊನ್ನೆ ರಾತ್ರಿ ಸಭೆಯ ಹುಡುಗರು ಕ್ಯಾರಲ್‌ಗೆ ಬಂದಿದ್ದರು. ಹತ್ತು ಗಂಟೆ ದಾಟಿತ್ತು. ಅಂಗಳದ ನಕ್ಷತ್ರದ ಕೆಳಗೆ ನಿಂತು ಗಿಟಾರ್ ಶ್ರುತಿ ಮಾಡಿಕೊಂಡರು. ಎರಡು ವರ್ಷದಿಂದ ಅಮ್ಮ ಮೊದಲ ಚರಣ ಬಾಯಿಪಾಠದಿಂದ ಹಾಡಿ, ಆಮೇಲೆ ತುಟಿ ಮುಚ್ಚಿ ತಲೆ ಆಡಿಸುತ್ತಾ ನಿಲ್ಲುತ್ತಿದ್ದರು. ಈ ಸಲ ನಾನು ಆರು ಹಾಡು ಟೈಪ್ ಮಾಡಿ ರೀಡರ್‌ಗೆ ಹಾಕಿಟ್ಟಿದ್ದೆ, ಪುಟಕ್ಕೆ ಐದು ಸಾಲು. ಅಮ್ಮ ಅದನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು ಬಾಗಿಲಿಗೆ ಬಂದರು. ಎರಡನೇ ಚರಣ ಹಾಡಿದರು. ಮೂರನೇದೂ ಹಾಡಿದರು. ನಾಲ್ಕನೇ ಚರಣ ಹುಡುಗರಿಗೇ ಸರಿಯಾಗಿ ಗೊತ್ತಿರಲಿಲ್ಲ, ಗಿಟಾರ್ ನಿಧಾನ ಆಯಿತು. ಅಮ್ಮ ಹೆಬ್ಬೆರಳಿನಿಂದ ಮೆಲ್ಲಗೆ ಪುಟ ತಿರುಗಿಸಿ, ಮುಂದಿನ ಸಾಲು ಹಿಡಿದುಕೊಟ್ಟರು.