ಹೊಸ ಅಭ್ಯಾಸ: ಒಬ್ಬರೇ ಶುರು ಮಾಡುವುದೋ, ಜೊತೆ ಹುಡುಕುವುದೋ?

ಬೆಳಗಿನ ನಡಿಗೆಯೋ, ದಿನಕ್ಕೆ ಹತ್ತು ಪುಟ ಓದುವುದೋ, ಯಾವುದನ್ನೇ ರೂಢಿಸಿಕೊಳ್ಳುವ ಮೊದಲು ನಿಮ್ಮ ಹಳೆಯ ಲೆಕ್ಕ ತೆಗೆಯಿರಿ: ಇದುವರೆಗೆ ತಪ್ಪದೆ ಮಾಡಿಕೊಂಡು ಬಂದ ಕೆಲಸಗಳ ಹಿಂದೆ ಕೇಳುವವರು ಯಾರಾದರೂ ಇದ್ದರೇ?

ಕಚೇರಿಯ ಗಡುವನ್ನು ಎಂದೂ ಮೀರದ ನಾನು, ನನಗೆ ನಾನೇ ಕೊಟ್ಟುಕೊಂಡ ಮಾತನ್ನು ಮೂರನೆಯ ದಿನಕ್ಕೇ ಮುರಿಯುತ್ತೇನೆ. ನಡಿಗೆಗೆಂದು ಕೊಂಡ ಬೂಟು ಬಾಗಿಲ ಬಳಿ ಧೂಳು ಹಿಡಿದು ಕೂತಿತ್ತು. ಗೆಳೆಯನೊಬ್ಬ ಐದೂವರೆಗೆ ಗೇಟಿನ ಬಳಿ ಬಂದು ನಿಲ್ಲತೊಡಗಿದ ಮೇಲೆ, ಗೊಣಗಿಕೊಂಡಾದರೂ ಲೇಸು ಕಟ್ಟಿದೆ. ನನ್ನಂಥವರಿಗೆ ಜೊತೆ ಬೇಕೇ ಬೇಕು, ಅದಕ್ಕೆ ನಾಚಬೇಕಾಗಿಲ್ಲ. ತೊಡಕೆಂದರೆ, ಗೆಳೆಯ ಪರಊರಿಗೆ ಹೋದ ದಿನ ನಡಿಗೆಯೂ ಹೋಯಿತು. ಮೂವರಿದ್ದರೆ ವಾಸಿ.

ಒಬ್ಬರೇ ಮಾಡುವುದರಲ್ಲಿ ಸಮಯ ನಿಮ್ಮದೇ. ‘ಇವತ್ತು ಮಾಡಿದೆಯಾ?’ ಎಂದು ಯಾರಾದರೂ ಕೇಳಿದರೆ ಮೈ ಉರಿಯುವ ಸ್ವಭಾವದವರಿಗೆ ಇದೇ ದಾರಿ. ಆದರೆ ನೆನಪಿಸುವವರಿಲ್ಲ. ಹಲ್ಲುಜ್ಜಿದ ಕೂಡಲೇ ಪುಸ್ತಕ ಎಂಬಂತೆ, ಈಗಾಗಲೇ ಇರುವ ಅಭ್ಯಾಸಕ್ಕೆ ಹೊಸದನ್ನು ಗಂಟು ಹಾಕಬೇಕು.

ಯಾವುದನ್ನು ಆರಿಸಿಕೊಂಡರೂ, 21 ದಿನ ಮಾಡಿದರೆ ಸಾಕು, ಅಭ್ಯಾಸವಾಗಿಬಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಅಭ್ಯಾಸ ತಾನಾಗಿ ನಡೆಯುವ ಹಂತ ಮುಟ್ಟಲು ಅಂದಾಜು 18ರಿಂದ 254 ದಿನ ಬೇಕಾಗಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. ಇನ್ನೂ ಗೊಂದಲವಿದ್ದರೆ ಎರಡು ವಾರ ಒಬ್ಬರೇ ಪ್ರಯತ್ನಿಸಿ. ನಾಲ್ಕೈದು ದಿನ ತಪ್ಪಿದರೆ ಫೋನ್ ಎತ್ತಿಕೊಂಡು ಗೆಳೆಯರನ್ನು ಕರೆಯಿರಿ.